ಮುದಕಮ್ಮನ ಕೈಗುಣ

ಮುದಕಮ್ಮ ಸತ್ತ ಮೂರನೇ ದಿನ ಬೆಳಿಗ್ಗೆ, ರೊಟ್ಟಿ ಬಡಿಯಲು ಕುಳಿತ ಸೊಸೆ ಮಹೇಶ್ವರಿಗೆ ಮೊದಲು ನೆನಪಾದದ್ದು ಅತ್ತೆಯ ಸುಳ್ಳು. ಹತ್ತು ವರ್ಷದ ಹಿಂದೆ ಅವಳು ಕುಷ್ಟಗಿಯಿಂದ ಯಲಬುರ್ಗಾ ಕಡೆಯ ಈ ಊರಿಗೆ ಸೊಸೆಯಾಗಿ ಬಂದಾಗ, ಹಾಸ್ಟೆಲ್ಲಿನಲ್ಲಿದ್ದು ಓದಿದ ಹುಡುಗಿಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಬಡಿದದ್ದೆಲ್ಲ ಹರಿದು ಹಂಚಿಗೆ ಅಂಟುತ್ತಿತ್ತು. ಮುದಕಮ್ಮ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ತಾನೇ ಬಡಿದು, ಆಮೇಲೆ ಹೊರಗೆ ಬಂದು ಓಣಿಯ ಹೆಂಗಸರಿಗೆ ತೋರಿಸುತ್ತಿದ್ದಳು.

"ನೋಡ್ರವಾ, ನನ್ನ ಸೊಸಿ ರೊಟ್ಟಿ. ಕುಷ್ಟಗಿ ಕೈ ಅಂದ್ರ ಹಿಂಗಿರತೈತಿ."

ಆರು ತಿಂಗಳು ಹೀಗೆ ಇಡೀ ಓಣಿಯನ್ನೇ ನಂಬಿಸಿದಳು. ಮಗ ತಿರುಮಲೇಶ ಒಮ್ಮೆ ಹೆಂಡತಿಯ ಮೇಲೆ ಕೈ ಎತ್ತಿದ್ದಕ್ಕೆ ಮೂರು ದಿನ ಅವನಿಗೆ ತಾಟು ಹಾಕಲಿಲ್ಲ. ಅವಳ ಬಾಯಿಂದ ಮೊದಲು ಬೈಗುಳ ಬರುತ್ತಿತ್ತು, ಅದರ ಬೆನ್ನಿಗೇ ಸೆರಗಿನಿಂದ ಶೇಂಗಾ ಉಂಡೆ ಬರುತ್ತಿತ್ತು. ಇಂಥವಳಿಗಾಗಿ ಊರು ಅತ್ತದ್ದು ಸುಮ್ಮನೆ ಅಲ್ಲ.

ಆದರೆ ಅದೇ ಕೈಯ ಇನ್ನೊಂದು ಕೆಲಸವನ್ನೂ ಹೇಳದೆ ಈ ಕಥೆ ಮುಂದೆ ಹೋಗದು.

ದೇವರ ಜಗಲಿಯ ಮೇಲೆ ಕೆಂಪು ಅರಿವೆ ಸುತ್ತಿದ ದಬ್ಬಣವೊಂದಿತ್ತು. ಗೋಣಿಚೀಲ ಹೊಲಿಯುವ ಸಾದಾ ದಬ್ಬಣವೇ. ಮುದಕಮ್ಮನಿಗೆ ಅದು ಅವಳ ಅತ್ತೆಯಿಂದ ಬಂದದ್ದು. ಕೂಸು ಹಾಲು ಕಕ್ಕಿದರೆ, ಹೊಟ್ಟೆ ಉಬ್ಬಿದರೆ, ಮೈ ಹಳದಿಯಾದರೆ ಸುತ್ತಲಿನ ಹಳ್ಳಿಯವರು ಇವಳ ಬಾಗಿಲಿಗೆ ಬರುತ್ತಿದ್ದರು. ದಬ್ಬಣದ ತುದಿಯನ್ನು ಕೆಂಡದಲ್ಲಿ ಕಾಯಿಸಿ ಅವಳು ಹೊಕ್ಕುಳ ಸುತ್ತ ನಾಲ್ಕು ಬರೆ ಹಾಕುತ್ತಿದ್ದಳು. ಯಾರಿಂದಲೂ ಏನೂ ಮುಟ್ಟುತ್ತಿರಲಿಲ್ಲ. ತಾವಾಗಿಯೇ ಗುಣವಾದ ಕೂಸುಗಳ ಕೀರ್ತಿಯೆಲ್ಲ ಅವಳ ಕೈಗುಣಕ್ಕೆ ಸೇರುತ್ತಿತ್ತು. ಗುಣವಾಗದ ಕೂಸಿಗೆ ಆಯುಷ್ಯವೇ ಅಷ್ಟಿತ್ತು ಎಂದು ಜನ ಮಣ್ಣು ಮುಚ್ಚಿ ಬರುತ್ತಿದ್ದರು. ಕಲಿತವರೂ ಇದನ್ನು ಕೇಳಿಕೊಂಡು ಸುಮ್ಮನಿದ್ದರು; ಅವರ ಮನೆಯ ಕೂಸುಗಳ ಹೊಟ್ಟೆಯ ಮೇಲೂ ಅವೇ ನಾಲ್ಕು ಕಲೆಗಳಿದ್ದವು.

ಆರು ವರ್ಷದ ಹಿಂದೆ ಮಹೇಶ್ವರಿಯ ಚೊಚ್ಚಲ ಗಂಡುಕೂಸು ಹದಿನೈದು ದಿನದ್ದಿದ್ದಾಗ ಮೈ ಹಳದಿಯಾಯಿತು. ನರ್ಸಬಾಯಿ ನೋಡಿ, ಇವತ್ತೇ ಕೊಪ್ಪಳಕ್ಕೆ ಒಯ್ಯಿರಿ, ದೀಪದ ಕೆಳಗೆ ಇಡುತ್ತಾರೆ ಎಂದು ಹೇಳಿ ಹೋದಳು.

"ಕಾಮಣಿಗೆ ದೀಪ ಹಚ್ಚತಾರಂತ," ಎಂದಳು ಮುದಕಮ್ಮ. "ನಿನ್ನ ಗಂಡಗ ನಾನ ಬರಿ ಹಾಕೀನಿ, ಬದುಕಿಲ್ಲೇನು? ಕೂಸಿನ ಕಾಲು ಹಿಡಿ."

ಮಹೇಶ್ವರಿ ಹಿಡಿದಳು. ಅವಳ ಒಂದೇ ಅಂಗೈಯಲ್ಲಿ ಎರಡೂ ಪಾದ ಹಿಡಿಸಿದವು. ಬರೆ ಹಾಕಿದ ಕೂಸನ್ನು ಮೂರು ದಿನ ಹೊಸ್ತಿಲು ದಾಟಿಸಬಾರದೆಂಬುದು ಪದ್ಧತಿ. ಎರಡನೇ ದಿನ ಗಾಯ ಕೀವಾಯಿತು, ಮೂರನೇ ದಿನ ಕೂಸು ಮೊಲೆ ಹಿಡಿಯಲಿಲ್ಲ. ನಾಲ್ಕನೇ ದಿನ ಕೊಪ್ಪಳದ ದಾರಿಯಲ್ಲಿ, ಇನ್ನೂ ಕುಕನೂರು ದಾಟುವಷ್ಟರಲ್ಲಿ, ತಾಯಿಯ ಮಡಿಲಲ್ಲೇ ತಣ್ಣಗಾಯಿತು.

ಕುಡಿಯುವ ಬಾಯಿಲ್ಲದೆ ಮಹೇಶ್ವರಿಯ ಎದೆ ಕಲ್ಲಾದಾಗ ಹಾಲು ಬತ್ತಲೆಂದು ಮಲ್ಲಿಗೆ ಹೂವಿಟ್ಟು ಕಟ್ಟಿದವಳು ಇದೇ ಮುದಕಮ್ಮ. ಸೊಸೆ ಉಣ್ಣುವ ತನಕ ತಾನೂ ಉಣ್ಣದೆ ಕುಳಿತವಳು ಇವಳೇ. ಹೀಗಿರುವಾಗ ಯಾರನ್ನು ದೂರುವುದು? ಮಹೇಶ್ವರಿ ಬಾಯಿ ಬಿಡಲಿಲ್ಲ. ಮರುಹೆರಿಗೆಗೆ ತವರಿಗೆ ಹೋದವಳು ಮಗಳು ಕವಿತಾಳಿಗೆ ಐದು ತಿಂಗಳಾಗುವವರೆಗೆ ಬರಲೇ ಇಲ್ಲ. ಬಂದ ಮೇಲೂ ಬೇರೆ ಕೂಸುಗಳಿಗೆ ಬರೆ ಹಾಕುವಾಗ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು, ಅಷ್ಟೇ.

ಸಾಯುವ ಮುನ್ನ, ಹಾಸಿಗೆ ಹಿಡಿದಿದ್ದಾಗ, ಒಂದು ಮಧ್ಯಾಹ್ನ ಮುದಕಮ್ಮ ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದಳು.

"ಮಹೇಶಿ, ಆ ಕೂಸು ನನ್ನ ಕೈಯಿಂದ ಹೋತೇನ?"

"ಇಲ್ಲರಿ ಅತ್ತಿ," ಎಂದಳು ಮಹೇಶ್ವರಿ. ಮುದುಕಿ ನಿರಾಳವಾಗಿ ಉಸಿರು ಬಿಟ್ಟು ನಿದ್ದೆ ಹೋದಳು.

ಮೂರನೇ ದಿನ ಗೋರಿಗೆ ಹಾಲು ತುಪ್ಪ ಬಿಟ್ಟು ಎಲ್ಲರೂ ಮನೆಗೆ ಬಂದು ಕುಳಿತಿದ್ದರು. ಮುದಕಮ್ಮನ ತಂಗಿ ಭೀಮಕ್ಕ ಜಗಲಿಯಿಂದ ಕೆಂಪು ಅರಿವೆಯ ಗಂಟು ತಂದು ಮಹೇಶ್ವರಿಯ ಮುಂದೆ ಚಾಚಿದಳು.

"ಉಡಿ ಒಡ್ಡು. ಅಕ್ಕ ನನ್ನ ಮುಂದ ಹೇಳಿ ಹೋಗ್ಯಾಳ. ನನ್ನ ಕೈಯಾಗ ದೋಷ ಇಲ್ಲ, ಸೊಸಿನ ಹೇಳ್ಯಾಳ, ಇದು ಆಕಿಗೇ ಹೋಗಬೇಕು ಅಂತ."

ಮಹೇಶ್ವರಿ ಉಡಿ ಒಡ್ಡಲಿಲ್ಲ. ಒಂದು ಸುಳ್ಳಿನಿಂದ ಅತ್ತೆಗೆ ನೆಮ್ಮದಿಯ ಸಾವು ಕೊಟ್ಟೆನೆಂದು ಅವಳು ತಿಳಿದಿದ್ದಳು. ಆ ಸುಳ್ಳನ್ನೇ ನಂಬಿ ಅತ್ತೆ ದಬ್ಬಣವನ್ನು ಅವಳಿಗೆ ಬಿಟ್ಟುಹೋಗಿದ್ದಳು.

ಅಷ್ಟರಲ್ಲಿ ಬಾಗಿಲಲ್ಲಿ ಒಂದು ಟಂಟಂ ಆಟೋ ನಿಂತಿತು. ಪಕ್ಕದೂರಿನ ಬಾನುಬೀ, ಹಿಂದೆ ಅವಳ ಸೊಸೆ ಮೆಹಜಬೀನ, ಅವಳ ತೋಳಿನಲ್ಲಿ ಎಳೆಗೂಸು. ಸಾವಿನ ಸುದ್ದಿ ಅವರಿಗೆ ಮುಟ್ಟಿರಲಿಲ್ಲ. ಕೇಳಿ ಬಾನುಬೀ ಅಲ್ಲೇ ಕುಸಿದು ಕುಳಿತಳು.

"ನನ್ನ ನಾಕೂ ಮಕ್ಕಳಿಗೆ ಆಕೀನ ಹಾಕಿದ್ಲು. ಈಗ ಮೊಮ್ಮಗಂದು ಕಣ್ಣೆಲ್ಲಾ ಹಳದಿ ಆಗ್ಯಾವ, ಮೂರು ದಿನ ಆತು. ಎಲ್ಲಿಗೆ ಹೋಗ್ಲಿ?"

"ಎಲ್ಲಿಗೂ ಹೋಗಬ್ಯಾಡ," ಎಂದಳು ಭೀಮಕ್ಕ. "ಕೈಗುಣ ಈ ಮನಿಯಾಗ ಅದ. ಮಹೇಶಿ, ಒಲಿ ಹಚ್ಚು."

ಮಹೇಶ್ವರಿ ಕೂಸಿನ ಪಾದ ಮುಟ್ಟಿ ನೋಡಿದಳು. ಎರಡೂ ಅವಳ ಅಂಗೈಯಲ್ಲಿ ಹಿಡಿಸುವಷ್ಟೇ ಇದ್ದವು.

"ನಾ ಹಾಕಂಗಿಲ್ಲ, ಸಣ್ಣತ್ತಿ," ಎಂದಳು. "ಈ ಕೂಸಿಗೂ ಇಲ್ಲ, ಯಾವ ಕೂಸಿಗೂ ಇಲ್ಲ. ನನ್ನ ಮಗ ಈ ದಬ್ಬಣದಿಂದ ಸತ್ತ. ಅತ್ತಿ ಸುಟ್ರು, ನಾ ಕಾಲು ಹಿಡಿದಿದ್ದೆ."

ತಿರುಮಲೇಶ ಗೋಡೆಗೆ ಒರಗಿದವನು ತಲೆ ಎತ್ತಲಿಲ್ಲ.

"ಅವ್ವಂದು ಇವತ್ತ ಮೂರನೇ ದಿನ," ಎಂದ ಮೆಲ್ಲಗೆ. "ಇವತ್ತಾದ್ರೂ ಬ್ಯಾಡಾಗಿತ್ತು."

"ಆರು ವರ್ಷ ಇವತ್ತ ಬ್ಯಾಡ, ನಾಳೆ ಬ್ಯಾಡ ಅಂತನ ಕಳದೀನ್ರಿ. ಅಷ್ಟರಾಗ ಎಷ್ಟು ಕೂಸು ಬಂದು ಹೋದ್ವು ನಿಮಗೂ ಗೊತ್ತೈತಿ."

"ಉಂಡ ಮನಿಯಾಗ ನಿಂತು ಸತ್ತಾಕಿ ಮ್ಯಾಲೆ ಕೊಲಿ ಹೊರಿಸ್ತಿ," ಎಂದಳು ಭೀಮಕ್ಕ. "ನಿನ್ನನ್ನ ಮಗಳಗತೆ ನೋಡ್ಕೊಂಡ್ಲಲ್ಲ ಆಕಿ."

"ಹೌದ್ರಿ. ನಮ್ಮವ್ವಗಿಂತ ಹೆಚ್ಚು ಮಾಡ್ಯಾರ. ಅದಕ್ಕ ನನ್ನ ಬಾಯಿ ಕಟ್ಟಿತ್ತು. ಅವರಿಗೆ ತಿಳೀಲಿಲ್ಲ, ತಿಳಿದೂ ನಾ ಹೇಳಲಿಲ್ಲ. ದೊಡ್ಡ ತಪ್ಪು ನಂದ."

ಅಲ್ಲಿಯ ತನಕ ಬಾಗಿಲಲ್ಲೇ ನಿಂತಿದ್ದ ಮೆಹಜಬೀನ ಕೂಸನ್ನು ಎದೆಗೆ ಒತ್ತಿಕೊಂಡು ಕೇಳಿದಳು: "ಅಕ್ಕಾರ, ದವಾಖಾನಿಗೆ ಹೋದ್ರ ಉಳಿತೈತೇನ್ರಿ?"

"ಉಳಿತೈತಿ ಅಂತ ನಾ ಹೆಂಗ ಹೇಳಲಿ, ತಂಗಿ. ಇದರಿಂದ ಉಳಿಯಂಗಿಲ್ಲ, ಅಷ್ಟು ಗೊತ್ತೈತಿ."

ಮೆಹಜಬೀನ ಅತ್ತೆಯ ಮುಖ ನೋಡಲಿಲ್ಲ. ತಿರುಗಿ ಹೋಗಿ ಟಂಟಂ ಹತ್ತಿ ಕುಳಿತಳು. ಬಾನುಬೀ ಗೊಣಗುತ್ತ ಹಿಂಬಾಲಿಸಿದಳು. ಮಹೇಶ್ವರಿಯೂ ಚಪ್ಪಲಿ ಮೆಟ್ಟಿ ಹೊರಟಳು.

ಕೊಪ್ಪಳದ ದವಾಖಾನೆಯಲ್ಲಿ ನರ್ಸ್ ಕೂಸನ್ನು ಮಲಗಿಸಿ, ಬೇರೇನೂ ಕೇಳದೆ, ಮೊದಲು ಹೊಟ್ಟೆಯ ಮೇಲಿನ ಅರಿವೆ ಸರಿಸಿದಳು.

"ಸುಟ್ಟಿಲ್ಲಲ್ಲ," ಎಂದಳು. "ಛಲೋ ಆತು. ಇನ್ನೊಂದಿನ ತಡಾ ಆಗಿದ್ರ ಕಷ್ಟ ಇತ್ತು."

ಕೂಸನ್ನು ನೀಲಿ ದೀಪದ ಕೆಳಗೆ ಮಲಗಿಸಿದರು. ಗಾಜಿನಾಚೆಯಿಂದ ಮಹೇಶ್ವರಿ ಆ ನುಣ್ಣನೆಯ ಹೊಟ್ಟೆಯನ್ನೇ ನೋಡುತ್ತ ನಿಂತಳು. ಆರು ವರ್ಷ ಅಳದ ಅಳು ಅವಳಿಗೆ ಅಲ್ಲಿ ಬಂತು.

ಮರುದಿನ ಮನೆಗೆ ಮರಳಿದಾಗ ಜಗಲಿಯ ಮೇಲೆ ಗಂಟು ಇರಲಿಲ್ಲ. ತಿರುಮಲೇಶ ಅರಿವೆ ಬಿಚ್ಚಿ ತೆಗೆದು, ದಬ್ಬಣವನ್ನು ಪಡಸಾಲೆಯ ಮೂಲೆಯಲ್ಲಿ ಸುತಳಿಯ ಉಂಡೆಗೆ ಚುಚ್ಚಿ ಇಟ್ಟಿದ್ದ.

"ಚೀಲಾ ಹೊಲಿಯಾಕ ಬೇಕಾಗತೈತಿ," ಎಂದ. ಹೆಂಡತಿಯ ಮುಖ ನೋಡುವ ಧೈರ್ಯ ಅವನಿಗೆ ಇನ್ನೂ ಬಂದಿರಲಿಲ್ಲ.

ಮಹೇಶ್ವರಿ ಎರಡು ರೊಟ್ಟಿ ಬಡಿದು ತಾಟಿನಲ್ಲಿಟ್ಟುಕೊಂಡು ಸ್ಮಶಾನಕ್ಕೆ ಹೋದಳು. ಅತ್ತೆಯ ಗೋರಿಯ ಹಸಿ ಮಣ್ಣು ಬಿರಿಯಲು ಶುರುವಾಗಿತ್ತು. ಆಚೆ ಬೇಲಿಗುಂಟ ಕಲ್ಲೂ ಇಲ್ಲದ, ಹೆಸರೂ ಇಲ್ಲದ ಸಣ್ಣ ಸಣ್ಣ ದಿಬ್ಬಗಳಿದ್ದವು. ಅವುಗಳಲ್ಲಿ ತನ್ನ ಕೂಸಿನದು ಯಾವುದೆಂದು ಅವಳಿಗೆ ಈಗ ಗುರುತು ಸಿಗುತ್ತಿರಲಿಲ್ಲ. ರೊಟ್ಟಿಯನ್ನು ಅತ್ತೆಯ ತಲೆಯ ಕಡೆ ಇಟ್ಟಳು.

"ನಾನ ಬಡದೀನ್ರಿ ಅತ್ತಿ, ಹರಿದಿಲ್ಲ," ಎಂದಳು. ಆಮೇಲೆ, ಅಂದು ಮಧ್ಯಾಹ್ನ ಗೋಡೆಯ ಕಡೆ ತಿರುಗಿ ಮಲಗಿದ್ದವಳಿಗೆ ಹೇಳಬೇಕಾಗಿದ್ದ ಮಾತನ್ನು ಹೇಳಿದಳು.

"ಹೌದ್ರಿ. ನಿಮ್ಮ ಕೈಯಿಂದನ ಹೋತು. ಅದರಾಗ ನನ್ನ ಕೈನೂ ಇತ್ತು."