ಈಗ ಇಲ್ಲ

“ಏ ಸತ್ಯಾ, ಬೆನ್ನ ಬಗ್ಗಸೋ ಭಾಡ್ಯಾ! ಜೀತದಾಳ ಅದೀ ನೀ. ಸ್ವಾತಂತ್ರ್ಯ ಹೋರಾಟಗಾರನಂಗ ನೆಟ್ಟಗ ನಿಂತೀಯಲ್ಲೋ!”

ರಾಯಗೌಡರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೇ ಕೂಗಿದರು. ಅಪ್ಪ ಗುದ್ದಲಿ ಹಿಡಿದುಕೊಂಡು ಇನ್ನಷ್ಟು ಬಗ್ಗಿದ.

“ಇನ್ನೂ ಬಗ್ಗು. ಇನ್ನೂ. ಹಾಂ! ಈಗ ಖರೇ ಜೀತದಾಂವ ಕಂಡಿ ನೋಡು.”

ಅಪ್ಪ ಸತ್ತೆಪ್ಪ ಹುಡುಗನಾಗಿದ್ದಾಗ ಇದೇ ಗೌಡರ ಮನೆಯಲ್ಲಿ ದನ ಕಾಯುತ್ತ ಜೀತಕ್ಕಿದ್ದವನು. ಆಗ ನೆಟ್ಟಗೇ ನಿಲ್ಲುತ್ತಿದ್ದನಂತೆ. ಬಗ್ಗಿ ನಿಂತರೆ ದೂರ ಹೋದ ದನ ಕಾಣುವುದಿಲ್ಲ. ಆದರೆ ಜೀತ ಹೇಗಿತ್ತೆಂದು ಗೌಡರಿಗೆ ಹೇಳಿಕೊಡುವವರು ಯಾರು?

ಕಣಗಲಾ ಊರಿನ ಹತ್ತಿರ ಹೆದ್ದಾರಿಗೆ ಮುಖ ಮಾಡಿ ಗೌಡರು ‘ದೇಶ ದರ್ಶನ’ ಉದ್ಯಾನ ಕಟ್ಟಿದ್ದರು. ಟಿಕೀಟು ತೆಗೆದು ಒಳಗೆ ಬಂದರೆ ಮೊದಲು ಒಂದು ಗುಡಿಸಲು, ಆಮೇಲೆ ಬ್ರಿಟಿಷರು, ಅದರ ಮುಂದೆ ಅಣೆಕಟ್ಟು, ರೈಲು, ನೀರಿನ ಟಾಕಿಗೆ ಮೂತಿ ಹಚ್ಚಿ ಮಾಡಿದ ರಾಕೆಟ್. ಕೊನೆಗೆ ಕರದಂಟಿನ ಅಂಗಡಿ. ಸೈನಿಕ, ಡಾಕ್ಟರ್, ವಿಜ್ಞಾನಿ, ಕ್ರಿಕೆಟ್ ಆಟಗಾರ ಎಲ್ಲರ ಮೂರ್ತಿಗಳೂ ಗೋಕಾಕದಿಂದ ಟೆಂಪೋದಲ್ಲಿ, ಹುಲ್ಲಿನಲ್ಲಿ ಸುತ್ತಿಸಿಕೊಂಡು ಬಂದಿದ್ದವು. ಗುಡಿಸಲಿನ ಮುಂದೆ ನಿಲ್ಲಿಸುವ ಮೂರ್ತಿಗಳನ್ನು ಮಾತ್ರ ಗೌಡರು ಮಾಡಿಸಲಿಲ್ಲ.

“ಕೂಲಿಯವ್ರ ಮೂರ್ತಿ ಯಾಕ ಮಾಡಸೂದು? ಕೂಲಿಯವ್ರ ಅದಾರಲ್ಲ,” ಎಂದಿದ್ದರಂತೆ.

ಹೀಗೆ ನಮ್ಮ ಕೇರಿಗೆ ಕೆಲಸ ಸಿಕ್ಕಿತು. ಅಲುಗಾಡದೆ ನಿಲ್ಲುವುದೇ ಕೆಲಸ. ನಾನು ಬರಗಾಲ. ನನ್ನ ಪಕ್ಕೆಲುಬು ನೋಡಿ ಗೌಡರ ಅಕ್ಕನ ಮಗ ಶುಭಮ್ ನನ್ನನ್ನು ಆರಿಸಿದ್ದ. ಅವನು ಪುಣೆಯಲ್ಲಿ ಮದುವೆ ಮಂಟಪ ಸಿಂಗರಿಸುವುದನ್ನು ಕಲಿತು ಬಂದವನು, ಉದ್ಯಾನದ ಮ್ಯಾನೇಜರ್.

“ಸ್ವಪ್ನಿಲ್, ನೀ ಬಿ.ಎ. ಹಿಸ್ಟರಿ ಅಲ್ಲಾ?” ಎಂದು ಕೇಳಿದ್ದ.

“ಹೌದ್ರಿ.”

“ಛಲೋ ಆತು ತಗೋ. ಹಿಸ್ಟರಿಯೊಳಗ ಕೆಲಸ ಸಿಕ್ಕತು.”

ನಮ್ಮ ನೆತ್ತಿಯ ಮೇಲೆ ಒಂದು ಬೋರ್ಡು: ‘ಸ್ವಾತಂತ್ರ್ಯಪೂರ್ವ ಭಾರತ. ಜೀತ, ಬರಗಾಲ, ಅಸ್ಪೃಶ್ಯತೆ (ಈಗ ಇಲ್ಲ)’.

ಅಸ್ಪೃಶ್ಯತೆ ನಮ್ಮ ಅವ್ವ ಗುಡ್ಡವ್ವ. ಸೊಂಟದ ಹಿಂದೆ ಕಸಬರಿಗೆ ಕಟ್ಟಿ, ಕೊರಳಿಗೆ ಮಣ್ಣಿನ ಮಡಕೆ ತೂಗುಹಾಕಿದ್ದರು. ಕಸಬರಿಗೆ ನಮ್ಮವರ ಹೆಜ್ಜೆ ಅಳಿಸಲಿಕ್ಕೆ, ಮಡಕೆ ನಮ್ಮವರ ಉಗುಳು ದಾರಿಗೆ ಬೀಳದ ಹಾಗೆ ಹಿಡಿಯಲಿಕ್ಕೆ. ಹಿಂದೆ ಹಾಗಿತ್ತೆಂದು ಶುಭಮ್ ಮೊಬೈಲಿನಲ್ಲಿ ನೋಡಿ ಅವ್ವನಿಗೇ ತಿಳಿಸಿ ಹೇಳಿದ್ದ.

ಗುಡಿಸಲಿನ ಮುಂದೆ ಬೀಸುಕಲ್ಲು. ಅದರ ಗೂಟ ಹಿಡಿದು ಗೋಡೆಗೆ ಒರಗಿ ಕೂತವಳು ಆಯಿ, ಅಪ್ಪನ ತಾಯಿ ಮುದಕವ್ವ. ಅವಳಿಗೆ ಎದ್ದು ನಿಲ್ಲುವ ತ್ರಾಣ ಇರಲಿಲ್ಲ. ಬರಬೇಡ ಎಂದು ಅಪ್ಪ ಎಷ್ಟು ಹೇಳಿದರೂ ಕೇಳಿರಲಿಲ್ಲ. ಯಾಕೆಂದರೆ ಗೌಡರು ತಂತಿ ಬೇಲಿ ಎಳೆಯುವ ಮುಂಚೆ ಈ ಜಾಗ ನಮ್ಮ ಕೇರಿಯ ಸ್ಮಶಾನ. ಗುಡಿಸಲು ನಿಂತಿರುವಲ್ಲೇ ನಮ್ಮಜ್ಜನನ್ನು ಹೂಳಿದ್ದು. ಬೇಲಿ ಬಿದ್ದ ಮೇಲೆ ನಮ್ಮ ಹೆಣಗಳನ್ನು ಹೊಳೆ ದಂಡೆಗೆ ಒಯ್ಯುತ್ತೇವೆ. ಮಳೆಗಾಲದಲ್ಲಿ ಹೊಳೆ ಅವನ್ನು ಹೊತ್ತೊಯ್ಯುತ್ತದೆ, ಬೇಸಿಗೆಯಲ್ಲಿ ನಾಯಿ.

“ನಿಮ್ಮಪ್ಪನ ಬಾಜೂ ಕುಂದ್ರಾಕ ಪಗಾರ ಕೊಡ್ತಾರಂದ್ರ ನಾ ಯಾಕ ಬ್ಯಾಡ ಅನ್ನಲ್ಯೋ?” ಎಂದಿದ್ದಳು ಆಯಿ. ಆಮೇಲೆ ದನಿ ಇಳಿಸಿ, “ನನ್ನ ಹೊಳಿಗೆ ಒಗೀಬ್ಯಾಡ್ರಿ. ಇಲ್ಲೇ ಇಡ್ರಿ. ಹೆಂಗರ ಮಾಡ್ರಿ,” ಎಂದಿದ್ದಳು.

ಅವತ್ತು ಆಗಸ್ಟ್ ಹದಿನೈದು. ಉದ್ಘಾಟನೆ. ಮುಖ್ಯ ಅತಿಥಿ ಬೆಂಗಳೂರಿನವರು, ದೇಶದ ಸಾಧನೆಗಳ ಬಗ್ಗೆ ಊರೂರು ತಿರುಗಿ ಭಾಷಣ ಮಾಡುವವರು. ಬೆಳಿಗ್ಗೆಯಿಂದ ನಾವು ನಿಂತೇ ಇದ್ದೆವು.

“ಆ ಮುದುಕೀನ್ನ ನೋಡಿ ಕಲೀರಿ!” ಎಂದು ಗೌಡರು ಆಯಿಯ ಕಡೆ ಬೆರಳು ತೋರಿಸಿದರು. “ಮೂಗಿನ ಮ್ಯಾಲ ನೊಣಾ ಕುಂತ್ರೂ ಅಳಗಾಡವಲ್ಲಳು. ನೀವ ಅದೀರಿ, ಒಂದ ಗಳಿಗಿ ನಿಂದ್ರಾಕ ಬರೂದಿಲ್ಲ ಹಲ್ಕಟ್ಟ ಮಕ್ಕಳಿಗೆ.”

ಚಹಾ ಬಂತು. ಪೇಂಟರುಗಳಿಗೆ, ಲೈಟಿನವರಿಗೆ ಕಾಗದದ ಕಪ್ಪಿನಲ್ಲಿ ಕೊಟ್ಟರು. ಶುಭಮ್ ಕಿಟ್ಲಿ ಹಿಡಿದು ನಮ್ಮ ಕಡೆ ಬರುವ ಹೊತ್ತಿಗೆ ಕಪ್ಪು ಮುಗಿದಿದ್ದವು. ಅತ್ತಿತ್ತ ನೋಡಿದ. ಅವ್ವನ ಕೊರಳು ಕಣ್ಣಿಗೆ ಬಿತ್ತು.

“ಗಡಿಗಿ ಐತಲ್ಲ! ಅದ್ರಾಗ ಹಿಡಿ ಗುಡ್ಡವ್ವ, ಎಲ್ಲಾರೂ ಕುಡೀರಿ.”

ಕಿಟ್ಲಿಯ ಮೂತಿ ಮಡಕೆಗೆ ತಾಗದಂತೆ ಕೈ ಎತ್ತರಿಸಿ ಸುರಿದ. ಪುಣೆಯಲ್ಲಿ ಕಲಿತವನು, ಒಂದು ಹನಿಯೂ ಹೊರಗೆ ಬೀಳಲಿಲ್ಲ.

“ಶುಭಮಣ್ಣಾ,” ಎಂದಳು ಅವ್ವ, “ಇದು ಆಗಿಂದೋ, ಈಗಿಂದೋ?”

“ಯಾವುದು?”

“ಈ ಚಾ.”

“ಈಗ ಕಾಸಿದ್ದಬೇ, ಬಿಸಿ ಐತಿ ನೋಡು.”

ಅವ್ವ ನಕ್ಕಳೋ ಇಲ್ಲವೋ ಗೊತ್ತಾಗಲಿಲ್ಲ. ಮೊದಲು ಹಿರಿಯಳಿಗೆ ಕೊಡೋಣ ಎಂದು ಮಡಕೆ ಹಿಡಿದು ಆಯಿಯ ಹತ್ತಿರ ಹೋಗಿ ಕೂತಳು. “ಅತ್ತೀ, ಚಾ. ಅತ್ತೀ.” ಮೂಗಿನ ಮೇಲಿನ ನೊಣ ಓಡಿಸಿದಳು. ಅದು ಹಾರಿ ಕಣ್ಣಿನ ಮೇಲೆಯೇ ಕೂತಿತು. ರೆಪ್ಪೆ ಮಿಟುಕಲಿಲ್ಲ.

ಗೌಡರು ಹೊಗಳುವಾಗಲೇ ಆಯಿ ಹೋಗಿಬಿಟ್ಟಿದ್ದಳು.

ಅವ್ವ ಚೀರಿದ್ದಕ್ಕೆ ಗೌಡರು ಕುರ್ಚಿ ಬಿಟ್ಟು ಓಡಿ ಬಂದರು. “ಏ ಬಾಯಿ ಮುಚ್ಚ! ಅಳಬ್ಯಾಡ! ಸಾಹೇಬ್ರು ಸಂಕೇಶ್ವರ ದಾಟ್ಯಾರ.”

“ನಮ್ಮವ್ವ ಸತ್ತಾಳ್ರಿ ಗೌಡ್ರ,” ಎಂದ ಅಪ್ಪ, ಬಗ್ಗಿಕೊಂಡೇ.

“ಗೊತ್ತಾತೋ. ಆದ್ರ ಭಾಳ ಛಲೋ ಕುಂತಾಳ, ಹಂಗ ಕುಂದ್ರಲಿ. ಪ್ರೋಗ್ರಾಮ ಮುಗದಮ್ಯಾಗ ಹೊಳಿಗೆ ಒಯ್ರಿ. ನನ್ನ ಟ್ರ್ಯಾಕ್ಟರ ಕೊಡ್ತೇನಿ. ಸಾಕಲ್ಲಾ?”

ಆಗ ಬೇಲಿಯ ಬಾಗಿಲಲ್ಲಿ ನನ್ನ ಅಕ್ಕ ಆಮ್ರಪಾಲಿ ಕಂಡಳು. ಗೋಕಾಕದಲ್ಲಿ ವಕೀಲಳು. ರಜೆ ಎಂದು ಆಯಿಯನ್ನು ನೋಡಲು ಬಸ್ಸು ಹತ್ತಿ ಬಂದಿದ್ದಳು. ಈ ಸ್ಮಶಾನದ ಕೇಸು ಹಾಕಿದವಳೂ ಅವಳೇ. ಅಲ್ಲಿ ಯಾವ ಹೆಣವನ್ನೂ ಹೂಳಿಲ್ಲ, ಅದು ಪಾಳು ಹೊಲ ಎಂದು ಗೌಡರು ಕೋರ್ಟಿನಲ್ಲಿ ಹೇಳಿಕೆ ಕೊಟ್ಟಿದ್ದರು.

“ಇಕೀನ್ನ ಯಾರ ಒಳಗ ಬಿಟ್ಟ್ರೋ?”

“ಟಿಕೀಟ ತಗದ ಬಂದೇನ್ರಿ,” ಎಂದಳು ಅಕ್ಕ. ಆಯಿಯ ಮುಖ ನೋಡಿದಳು. ಅವಳ ಕೈಯೊಳಗಿನ ಟಿಕೀಟು ಮುದ್ದೆಯಾಯಿತು.

ಹೆದ್ದಾರಿಯಲ್ಲಿ ಕಾರಿನ ಹಾರ್ನು ಕೇಳಿಸಿತು. ಗೌಡರು ಹಾರ ತರಿಸಲು ಓಡಿದರು. ಓಡುತ್ತಲೇ ತಿರುಗಿ ಕೂಗಿದರು: “ಅಳಗಾಡಿದ್ರ ಒಬ್ಬೊಬ್ರ ಕಾಲ ಮುರಸ್ತೇನಿ, ನೆನಪಿಡ್ರಿ!”

ನಾವು ಅಲುಗಾಡಲಿಲ್ಲ. ನಿಜ ಹೇಳಬೇಕೆಂದರೆ ಅಭ್ಯಾಸವಾಗಿಬಿಟ್ಟಿತ್ತು. ಆಮೇಲೆ ಅವ್ವ ಕಸಬರಿಗೆ ಬಿಚ್ಚಿ ಬಿಸಾಡಿದಳು. ಮಡಕೆಯ ಚಹಾವನ್ನು ಬೋರ್ಡಿನ ಕಂಬದ ಬುಡಕ್ಕೆ ಚೆಲ್ಲಿದಳು.

“ಸ್ವಪ್ನ್ಯಾನ ಅಪ್ಪಾ,” ಎಂದಳು. “ನೆಟ್ಟಗ ನಿಂದರು. ಕೈಯಾಗ ಗುದ್ದಲಿ ಐತಿ. ಅಗಿ.”

ಅಪ್ಪ ನೆಟ್ಟಗೆ ನಿಂತ. ಬೆನ್ನು ಹಿಡಿದುಕೊಂಡಿತ್ತು, ‘ಹಾಯ್’ ಎಂದ. ಬೀಸುಕಲ್ಲು ಸರಿಸಿ ಅದರ ಕೆಳಗೇ ಮೊದಲ ಏಟು ಹಾಕಿದ.

ಗುಡಿಸಲಿನ ಬಾಗಿಲು ಕಿತ್ತು ಆಯಿಯನ್ನು ಅದರ ಮೇಲೆ ಮಲಗಿಸಿದೆವು. ನಿನ್ನೆಯ ಮಳೆಗೆ ನೆಲವೆಲ್ಲ ಕೆಸರು, ಬಾಗಿಲು ಇಡಲಿಕ್ಕೆ ಒಣ ಜಾಗ ಇಲ್ಲ. ಹತ್ತಿರದಲ್ಲಿ ಒಂದೇ ಒಂದು ಸಮತಟ್ಟಾದ ಜಾಗವಿತ್ತು: ಸಿಮೆಂಟಿನಲ್ಲಿ ಮಾಡಿದ, ಮಂಚದಷ್ಟು ದೊಡ್ಡ, ತೆರೆದಿಟ್ಟ ಸಂವಿಧಾನ. ಅದರ ಮೇಲೆ ಗೌಡರ ಟವೆಲ್ಲು ಒಣಗುತ್ತಿತ್ತು. ನಾನು ಹಿಂಜರಿದೆ.

“ಇಡೋ,” ಎಂದಳು ಅಕ್ಕ. ಟವೆಲ್ಲು ತೆಗೆದು ಪಕ್ಕಕ್ಕೆ ಎಸೆದಳು. “ಇದೊಂದ ಜಾಗಾ ಅಂತೂ ನಮ್ದು.”

ಮುಖಕ್ಕೆ ಪೌಡರು ಬಳಿದುಕೊಂಡು ಬ್ರಿಟಿಷ್ ಕಲೆಕ್ಟರ್ ಆಗಿ ನಿಂತಿದ್ದ ಯಲ್ಲೇಶ ಮಾವ ಟೊಪ್ಪಿಗೆ ತೆಗೆದು ಬಂದು ಸಲಿಕೆ ಹಿಡಿದ. ಬರಗಾಲ ಬುಟ್ಟಿ ಹೊತ್ತಿತು. ಅತ್ತ ಶುಭಮ್ ನಮ್ಮನ್ನು ನೋಡಿ ಹೌಹಾರಿ ಅತಿಥಿಗಳನ್ನು ಉಲ್ಟಾ ಕಡೆಯಿಂದ ಕರೆದೊಯ್ದ: ಮೊದಲು ಕರದಂಟು, ಆಮೇಲೆ ರಾಕೆಟ್, ರೈಲು, ಅಣೆಕಟ್ಟು. ದೇಶದ ಇತಿಹಾಸ ಹಿಂದಕ್ಕೆ ನಡೆಯುತ್ತ ನಮಗೆ ಅಗೆಯಲು ಹೊತ್ತು ಕೊಟ್ಟಿತು. ಪ್ರತಿ ಮೂರ್ತಿಯ ಮುಂದೆಯೂ ಅತಿಥಿಗಳು ನಿಂತು ನಾಲ್ಕು ಮಾತು ಆಡಿದ್ದರಿಂದ ಕುಣಿ ಎದೆಯಾಳ ಆಯಿತು.

ಹಲಗೆ ಬಾರಿಸುವ ಲಖನ ಕಾಕಾ ‘ನಮ್ಮ ಕಲೆ, ನಮ್ಮ ಹೆಮ್ಮೆ’ ಎಂಬ ಕಟ್ಟೆಯ ಮೇಲೆ ಜರಿ ರುಮಾಲು ಸುತ್ತಿ ನಿಂತಿದ್ದ. ಅತಿಥಿ ಬಂದಾಗ ಸ್ವಾಗತದ ಗತ್ತು ಬಾರಿಸಬೇಕೆಂದು ಹೇಳಿದ್ದರು. ಅವರು ಬ್ರಿಟಿಷರನ್ನು ದಾಟಿ ನಮ್ಮ ಕಡೆ ತಿರುಗಿದಾಗ ಕಾಕಾ ಹೆಣದ ಗತ್ತು ಶುರು ಮಾಡಿದ. ಗೌಡರ ತಂದೆ ಸತ್ತಾಗಲೂ ಇದೇ ಕೈ, ಇದೇ ಗತ್ತು. ಗೌಡರ ಮುಖ ಬಿಳಿಚಿತು. ಅತಿಥಿಗಳು ಎರಡೂ ಕೈ ಎತ್ತಿ ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕಿದರು.

“ಅದ್ಭುತ!” ಎಂದರು. “ನನ್ನ ರಕ್ತವೇ ಕುಣಿಯುತ್ತಿದೆ, ಗೌಡರೇ. ಓಹೋ, ಇದೇನು? ಶವಸಂಸ್ಕಾರದ ದೃಶ್ಯವೇ? ಎಷ್ಟು ಸಹಜವಾಗಿದೆ! ಆ ಅಜ್ಜಿಯನ್ನು ನೋಡಿ, ಉಸಿರಾಡುವುದೂ ಕಾಣುವುದಿಲ್ಲ.”

“ಸರ್, ಇದು ಪ್ಲಾನಿನಾಗ…” ಎಂದು ಶುಭಮ್ ತಡವರಿಸಿದ.

“ಯಾವ ಕಾಲದ್ದು ಇದು?”

“ಸ್ವಾತಂತ್ರ್ಯಪೂರ್ವ, ಸರ್.”

“ಇವತ್ತಿಂದ್ರಿ,” ಎಂದಳು ಅವ್ವ.

ಅತಿಥಿಗಳು ಬಿದ್ದು ಬಿದ್ದು ನಕ್ಕರು. “ಸಂಭಾಷಣೆ ಕೂಡ ಚುರುಕಾಗಿದೆ!”

ನಾವು ಆಯಿಯನ್ನು ಎತ್ತಿ ಕುಣಿಯೊಳಗೆ ಇಳಿಸಿದೆವು. ಅಕ್ಕ ‘ಬುದ್ಧಂ ಶರಣಂ’ ಹೇಳಿದಳು. ಅಪ್ಪನಿಗೆ ಬರುತ್ತಿದ್ದದ್ದು ಅಳು ಮಾತ್ರ, ಅದನ್ನೇ ಜೊತೆಗೂಡಿಸಿದ. ಅವ್ವ ಆ ಮಡಕೆಯಲ್ಲಿ ನೀರು ತುಂಬಿ ಅಪ್ಪನ ಹೆಗಲಿಗೆ ಇಟ್ಟಳು. ಅಪ್ಪ ಕುಣಿ ಸುತ್ತಿ ಬಂದು, ಬೆನ್ನ ಹಿಂದಕ್ಕೆ ಬಿಟ್ಟ. ಮಡಕೆ ಒಡೆಯಿತು. ಚೂರೊಂದು ಹಾರಿ ಗೌಡರ ಬೂಟಿನ ಹತ್ತಿರ ಬಿತ್ತು. ಅವರು ಕಾಲು ಹಿಂದಕ್ಕೆ ತೆಗೆದರು.

ನಾವು ಒಬ್ಬೊಬ್ಬರೇ ಹಿಡಿ ಮಣ್ಣು ಹಾಕಿದೆವು. ಅತಿಥಿಗಳಿಗೂ ಹುಮ್ಮಸ್ಸು ಬಂತು. ರೇಷ್ಮೆ ಶಾಲು ಹಿಂದೆ ಸರಿಸಿ ಒಂದು ಹಿಡಿ ಹಾಕಿ, “ಬನ್ನಿ ಗೌಡರೇ, ನೀವೂ ಹಾಕಿ. ಇದರಲ್ಲಿ ಮೇಲು ಕೀಳು ಏನು?” ಎಂದರು.

ಗೌಡರು ನಮ್ಮನ್ನು ನೋಡಿದರು, ಅತಿಥಿಯನ್ನು ನೋಡಿದರು. ಬಗ್ಗಿದರು. ಚೆನ್ನಾಗಿಯೇ ಬಗ್ಗಿದರು. ಮಣ್ಣು ತೆಗೆದು ಆಯಿಯ ಮೇಲೆ ಹಾಕಿದರು.

“ಗೌಡ್ರ, ಸ್ವಲ್ಪ ಈ ಕಡೆ ನೋಡ್ರಿ,” ಎಂದಳು ಅಕ್ಕ. ಅವಳ ಕೈಯಲ್ಲಿ ಮೊಬೈಲ್ ಇತ್ತು.

ಕುಣಿ ಮುಚ್ಚಿ, ಮೇಲೆ ಕಲ್ಲು ಇಟ್ಟು, ಕೈ ಕೊಡವಿಕೊಳ್ಳುವಾಗ ಟಿ.ವಿ.ಯವರ ಗಾಡಿ ಬಂತು. ಹತ್ತರಗಿಯಲ್ಲಿ ಟಾಯರು ಪಂಕ್ಚರ್ ಆಗಿತ್ತಂತೆ. ಅತಿಥಿಗಳಿಗೆ ಬಹಳ ಕೆಡುಕೆನಿಸಿತು.

“ಛೇ, ಇದೊಂದು ಟಿ.ವಿ.ಯಲ್ಲಿ ಬರಬೇಕಿತ್ತು. ಉಳಿದದ್ದೆಲ್ಲ ಸಿಮೆಂಟು. ಗೌಡರೇ, ಮೊದಲಿಂದ ಇನ್ನೊಂದು ಸಲ ಮಾಡಿಸಿ. ಆ ಅಜ್ಜಿಯನ್ನು ಮೇಲೆ ಕರೆಯಿರಿ ಪಾಪ, ಉಸಿರು ಕಟ್ಟೀತು.”

ಗೌಡರು ಶುಭಮ್‌ನ ಕಡೆ ತಿರುಗಿದರು. ಶುಭಮ್ ಬೋರ್ಡಿನ ಕಂಬ ಹಿಡಿದುಕೊಂಡು ನಿಂತಿದ್ದ.

ಅವ್ವ ಅಪ್ಪನ ಕೈಯಿಂದ ಗುದ್ದಲಿ ಇಸಿದುಕೊಂಡಳು. ಆಯಿಯ ಕುಣಿಯ ಬಾಜೂ, ಕೆಸರಿನಲ್ಲಿ, ಒಂದಾಳುದ್ದಕ್ಕೆ ಗೆರೆ ಎಳೆದಳು.

“ಮಾಡೂನ್ರಿ ಸಾಹೇಬ್ರ,” ಎಂದಳು. “ನಮ್ಮತ್ತಿ ಪಾಳಿ ಮುಗೀತು. ಈ ಸಲ ಗೌಡ್ರ ಮಲಕೋತಾರ. ಬರ್ರಿ ಗೌಡ್ರ. ಅಳಗಾಡಬಾರ್ದು ನೋಡ್ರಿ ಮತ್ತ.”

ಲಖನ ಕಾಕಾ ಹಲಗೆಯನ್ನು ಕಾಗದದ ಬೆಂಕಿಗೆ ಹಿಡಿದು ಕಾಯಿಸಿದ. ಕೇರಿಯವರು ಬೇಲಿಯ ಹೊರಗಿನಿಂದ ಒಬ್ಬೊಬ್ಬರಾಗಿ ಒಳಗೆ ಬರತೊಡಗಿದರು, ಟಿಕೀಟು ಇಲ್ಲದೆ. ಕ್ಯಾಮೆರಾದವನು ಸ್ಟ್ಯಾಂಡು ಊರಿ, ಕೆಂಪು ದೀಪ ಹಚ್ಚಿದ.

ಅತಿಥಿಗಳು ಗಂಜಿ ಹಾಕಿದ ಗೌಡರ ಬಿಳಿ ಅಂಗಿಯನ್ನೂ, ನೆಲದ ಮೇಲಿನ ಗೆರೆಯನ್ನೂ ಸಂತೋಷದಿಂದ ನೋಡಿದರು.

“ಒಂದೇ ನಿಮಿಷ, ಗೌಡರೇ,” ಎಂದರು. “ದೇಶಕ್ಕಾಗಿ.”

ಹಲಗೆ ಶುರುವಾಯಿತು.