ಗೋಡೆಯೊಳಗಿನ ಆನೆ

ಪಾರ್ಶ್ವವಾಯು ಬಡಿದ ಮೇಲೆ ಮೇಷ್ಟ್ರ ಬಾಯಲ್ಲಿ ಉಳಿದದ್ದು ಒಂದೇ ಮಾತು, 'ಬೇಡ'. ನೀರು ಬೇಕಿದ್ದರೂ ಬೇಡ, ಕಿಟಕಿ ತೆಗೆಯಬೇಕಿದ್ದರೂ ಬೇಡ. ಅದರ ಅರ್ಥ ತಿಳಿಯುತ್ತಿದ್ದುದು ಹೆಂಡತಿಗೆ ಮಾತ್ರ. ಬುದ್ಧಿ ಚುರುಕಾಗಿಯೇ ಇದೆ, ಹೇಳಿದ್ದೆಲ್ಲ ತಿಳಿಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಅದನ್ನು ಅವಳು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಿದ್ದಳು.

ಮೇಷ್ಟ್ರು ಇತಿಹಾಸದ ಪ್ರೊಫೆಸರು. ಒಂಬೈನೂರು ವರ್ಷ ಹಳೆಯ ದೇವಸ್ಥಾನವೊಂದರ ಮೇಲೆ ಅವರು ಬರೆದ ಪುಸ್ತಕ ಅವರಿಗೆ ಹೆಸರು, ಹುದ್ದೆ, ಬಹುಮಾನ ಎಲ್ಲ ತಂದಿತ್ತು. ಅದರೊಳಗಿನ ನೂರಾ ಹನ್ನೆರಡು ರೇಖಾಚಿತ್ರಗಳನ್ನು ಬರೆದವಳು ಹೆಂಡತಿ. ನಾಲ್ಕು ಬೇಸಿಗೆ ಕಾದ ಕಲ್ಲಿನ ಮೇಲೆ ಮಂಡಿಯೂರಿ, ಟೇಪು ಹಿಡಿದು, ಒಂದೊಂದು ಕಂಬದ ಸುತ್ತಳತೆ ತೆಗೆದಿದ್ದಳು. ಪುಸ್ತಕದಲ್ಲಿ ಅವಳ ಹೆಸರಿರಲಿಲ್ಲ. 'ಮನೆಯವರ ಸಹಕಾರ' ಎಂದು ಅರ್ಧ ಸಾಲಿತ್ತು. ಅದನ್ನು ಹೇಗೋ ನುಂಗಿಕೊಂಡಳು. ನುಂಗಲಾಗದೆ ಉಳಿದದ್ದು ಆನೆ.

ಗರ್ಭಗುಡಿಯ ಹೊರಗೋಡೆಯ ಬುಡದಲ್ಲಿ ಸುತ್ತಲೂ ಆನೆಗಳ ಸಾಲು. ಮಂಟಪ ಬಂದು ಸೇರುವ ಮೂಲೆಯಲ್ಲಿ ಕೊನೆಯ ಆನೆಯ ಹಿಂಭಾಗ ಮಾತ್ರ ಕಾಣುತ್ತಿತ್ತು. ತಲೆ, ಸೊಂಡಿಲು ಮಂಟಪದ ಗೋಡೆಯ ಹಿಂದೆ. ಯಾವ ಶಿಲ್ಪಿಯೂ ಅರ್ಧ ಆನೆ ಕೆತ್ತುವುದಿಲ್ಲ. ಮಂಟಪ ಆಮೇಲೆ ಕಟ್ಟಿದ್ದು, ಅದೇ ಆನೆಯನ್ನು ಮುಚ್ಚಿದೆ ಎನ್ನುವುದು ಸ್ಪಷ್ಟವಿತ್ತು. ಆದರೆ ಇಡೀ ದೇವಸ್ಥಾನವನ್ನು ಒಬ್ಬನೇ ದೊರೆ ಒಂದೇ ಬಾರಿಗೆ ಕಟ್ಟಿಸಿದ ಎನ್ನುವುದೇ ಮೇಷ್ಟ್ರ ವಾದ.

"ರೀ, ಈ ಆನೆ ನೋಡಿದ್ರಾ?" ಎಂದು ಅವಳು ಅವತ್ತು ಕೇಳಿದ್ದಳು.

"ನೋಡ್ದೆ. ಚಿತ್ರದಲ್ಲಿ ಅದನ್ನ ಬಿಟ್ಬಿಡು."

"ಇರೋದನ್ನ ಹೇಗ್ರೀ ಬಿಡೋದು?"

"ನೀನು ಗೆರೆ ಎಳಿ, ಸಾಕು. ಇತಿಹಾಸ ನಾನು ನೋಡ್ಕೋತೀನಿ."

ಜೊತೆಗಿದ್ದ ಶಿಷ್ಯರು ನಕ್ಕರು. ಅವಳು ಆನೆಯನ್ನು ರಬ್ಬರಿನಲ್ಲಿ ಉಜ್ಜಿ, ಎರಡು ಗೋಡೆಗಳನ್ನು ಒಂದೇ ಗೆರೆಯಲ್ಲಿ ಸೇರಿಸಿದಳು.

ಇಪ್ಪತ್ತಾರು ವರ್ಷದ ಮೇಲೆ ಈಗ ಪ್ರಕಾಶಕ ಫೋನು ಮಾಡಿ, ಎರಡನೆಯ ಮುದ್ರಣಕ್ಕೆ ತಿದ್ದುಪಡಿ ಏನಾದರೂ ಇದೆಯೇ ಎಂದು ಕೇಳಿದ.

"ಇದೆ. ಅವರು ಹೇಳ್ತಾ ಇದಾರೆ, ನಾನು ಬರ್ಕೋತಾ ಇದೀನಿ" ಎಂದಳು. ಮೇಷ್ಟ್ರು ಮಂಚದ ಮೇಲಿಂದ ಅವಳನ್ನೇ ನೋಡುತ್ತಿದ್ದರು.

ಮಂಚದ ಪಕ್ಕಕ್ಕೇ ಮೇಜು ಎಳೆದುಕೊಂಡು ಅವಳು ಹೊಸ ಚಿತ್ರ ಬರೆದಳು. ಆಮೇಲೆ ಅವರ ಹೆಸರಿನಲ್ಲಿ ಮುನ್ನುಡಿಗೆ ಕೈಹಾಕಿದಳು. ದಿನಾ ಊಟ ತಿನ್ನಿಸುವ ಮುಂಚೆ ಬರೆದಷ್ಟನ್ನು ಓದಿ ಹೇಳುವಳು.

"ಕೇಳಿಸ್ಕೊಳ್ಳಿ. 'ಈ ಆನೆ ಅವತ್ತೇ ನನ್ನ ಕಣ್ಣಿಗೆ ಬಿದ್ದಿತ್ತು. ನನ್ನ ವಾದಕ್ಕೆ ಅಡ್ಡ ಬರುತ್ತದೆಂದು ಗೊತ್ತಿದ್ದೇ ಮುಚ್ಚಿಟ್ಟೆ. ಮಂಟಪ ಗರ್ಭಗುಡಿಗಿಂತ ನೂರು ವರ್ಷ ಈಚಿನದು. ನಾನು ಬರೆದದ್ದು ಸುಳ್ಳು.' ಸರಿ ಇದ್ಯಾ?"

"ಬೇಡ."

"ಸುಳ್ಳು ಅನ್ನೋದು ಬೇಡ್ವಾ? ಮೋಸ ಅಂತ ಹಾಕ್ಲಾ?"

"ಬೇಡ, ಬೇಡ."

ಅವಳು 'ಸುಳ್ಳು' ಎನ್ನುವುದನ್ನು ಹೊಡೆದುಹಾಕಿ 'ಮೋಸ' ಎಂದು ಬರೆದಳು. ಅವರ ಕಣ್ಣಿಂದ ನೀರಿಳಿಯಿತು. ಸೆರಗಿನಿಂದ ಒರೆಸಿ, ಚಮಚ ಬಾಯಿಗಿಟ್ಟಳು.

ಸಹಿ ಬೇಕಿತ್ತು. ಅವರ ಎಡಗೈಯಲ್ಲಿ ಇನ್ನೂ ಜೀವವಿತ್ತು. ಅವರು ಮುಷ್ಟಿ ಬಿಗಿಹಿಡಿದರು. ಅವಳು ಒಂದೊಂದೇ ಬೆರಳು ಬಿಡಿಸಿ, ಪೆನ್ನು ತುರುಕಿ, ಮೇಲೆ ತನ್ನ ಕೈಯಿಟ್ಟು ಸಹಿ ಹಾಕಿಸಿದಳು. ಈ ಸಲವಾದರೂ ಚಿತ್ರಗಳಿಗೆ ನಿಮ್ಮ ಹೆಸರು ಹಾಕೋಣ ಎಂದು ಪ್ರಕಾಶಕ ಕೇಳಿದರೆ ಒಪ್ಪಲಿಲ್ಲ.

"ಮನೆಯವರ ಸಹಕಾರ ಅಂತಿದ್ಯಲ್ಲ, ಹಾಗೇ ಇರ್ಲಿ."

ಪುಸ್ತಕ ಬಂತು. ಮೊದಲ ವಾರ ಇಬ್ಬರು ಹಳೆಯ ಶಿಷ್ಯರು ಬಂದು ಇಂಥ ಪ್ರಾಮಾಣಿಕತೆ ಯಾರಿಗುಂಟು ಸರ್ ಎಂದರು. ಮೇಷ್ಟ್ರು ತಲೆಯಾಡಿಸಿ ಬೇಡ, ಬೇಡ ಎಂದು ಕೂಗಿದರು. "ಹೊಗಳಿದ್ರೆ ಅವರಿಗೆ ಆಗಲ್ಲ" ಎಂದಳು ಹೆಂಡತಿ. ಮೂರನೆಯವನು, ಅವರ ಮಾತು ನಂಬಿ ಅದರ ಮೇಲೇ ಸಂಶೋಧನೆ ಮಾಡಿದ್ದವನು, ಬಾಗಿಲಲ್ಲೇ ನಿಂತು, "ನನ್ನ ಹೊಟ್ಟೆ ಮೇಲೂ ಹೊಡೆದ್ರಿ ಸರ್" ಎಂದು ಹೇಳಿ ಹೋದ. ಕಾಲೇಜುಗಳಲ್ಲಿ ಪಾಠದ ಪಟ್ಟಿಯಿಂದ ಪುಸ್ತಕ ತೆಗೆದರು. ಆಮೇಲೆ ಯಾರೂ ಬರಲಿಲ್ಲ.

ಮೇಷ್ಟ್ರು ಹಲ್ಲು ಕಚ್ಚಿಕೊಂಡು ಊಟ ಬಿಟ್ಟರು. ಅವಳು ಬಲವಂತ ಮಾಡಲಿಲ್ಲ. ಅವರಿಗೆ ಕಾಣುವ ಹಾಗೆ ತಟ್ಟೆಯಿಟ್ಟುಕೊಂಡು ತಾನು ಹೊಟ್ಟೆತುಂಬ ಉಂಡಳು. ಮೂರನೆಯ ದಿನ ಅವರೇ ಬಾಯಿ ತೆರೆದರು.

ಇಷ್ಟಾದರೆ ಒಳಗಿನದೆಲ್ಲ ತಣ್ಣಗಾಗುತ್ತದೆ ಎಂದು ಅವಳು ಅಂದುಕೊಂಡಿದ್ದಳು. ಆಗಲಿಲ್ಲ. ಅವರ ಬಾಯಿ ಒರೆಸಿ, ದಿಂಬು ಸರಿಮಾಡಿ, ಪುಸ್ತಕ ತೆಗೆದು ಮುನ್ನುಡಿಯನ್ನು ಮತ್ತೆ ಮೊದಲಿನಿಂದ ಓದತೊಡಗಿದಳು. ಮೇಷ್ಟ್ರು ಇನ್ನೂ ನಾಲ್ಕು ವರ್ಷ ಬದುಕಿದ್ದರು.