ಎಡಗಡೆಯಿಂದ ಕಟ್ಟಿದ ಚಕ್ರ

ನನ್ನ ಬಾಯಿ ಜೋರು ಅಂತ ಎಲ್ಲರೂ ಹೇಳ್ತಾರೆ. ಗಯ್ಯಾಳಿ ಅಂತ ಹೆಸರಿಟ್ಟವಳು ಅಕ್ಕ. ಒಡಹುಟ್ಟಿದವಳಲ್ಲ, ಬೈಕ್ ಫ್ಯಾಕ್ಟರಿಯಲ್ಲಿ ಚಕ್ರ ಕಟ್ಟೋ ಶೆಡ್ಡಿನಲ್ಲಿ ನನ್ನ ಪಕ್ಕದ ಸ್ಟೂಲಿನವಳು. ಈಗ ಆ ಶೆಡ್ಡಿನಲ್ಲಿ ನಾನೊಬ್ಬಳೇ. ಬಾಯಿ ಇದ್ದು ಏನು ಬಂತು? ಬೈಯೋಕಾದರೂ ಎದುರಿಗೊಂದು ಜೀವ ಬೇಕಲ್ಲ!

ಮೊದಲು ಸೀಟು ಮಾಡೋ ಕೆಲಸ ಹೊರಗಡೆ ಹೋಯ್ತು, ಆಮೇಲೆ ಸೈಲೆನ್ಸರ್, ಆಮೇಲೆ ಪೆಟ್ರೋಲ್ ಟ್ಯಾಂಕು. ಅಗ್ಗಕ್ಕೆ ಮಾಡಿಕೊಡೋರು ಸಿಕ್ಕಿದ್ದಾರೆ ಅಂದರು. ಕೊನೆಗೆ ನಮ್ಮ ಚಕ್ರವೂ ಹೊರಟಿತು. ಬಂದ ಚಕ್ರ ಪರೀಕ್ಷೆ ಮಾಡೋಕೆ ಅಂತ ಒಂದೇ ಒಂದು ಟೇಬಲ್ ಉಳೀತು. ಹಿರಿಯಳು ಅಕ್ಕ, ಅದು ಅವಳಿಗೇ ಅಂತ ನಾನೂ ಅಂದುಕೊಂಡಿದ್ದೆ. ಕೊಟ್ಟಿದ್ದು ನನಗೆ. ಅಕ್ಕ ಮುಖ ಊದಿಸಿಕೊಂಡು, ಚಕ್ರದ ಗುತ್ತಿಗೆ ಹಿಡಿದ ಹೊರಗಿನ ಶೆಡ್ಡಿಗೇ ಸೇರಿಕೊಂಡಳು. ಫೋನ್ ಮಾಡಿದೆ, ಎತ್ತಲಿಲ್ಲ. ಹೋದರೆ ಹೋಗಲಿ, ಕತ್ತೆ ಬಾಲ ಅಂದುಕೊಂಡೆ.

ಆದರೆ ಚಕ್ರಗಳು ಬಂದವಲ್ಲ! ಸ್ಪೋಕ್ ಹಾಕುವಾಗ ಗಾಳಿ ತುಂಬೋ ತೂತಿನ ಬಲಗಡೆಯಿಂದ ಶುರು ಮಾಡೋದು ಎಲ್ಲರ ರೂಢಿ. ಅಕ್ಕ ಎಡಚಿ, ಎಡಗಡೆಯಿಂದ ಶುರು ಮಾಡ್ತಿದ್ದಳು. ಮೊದಲ ಲಾರಿಯಲ್ಲೇ ಅಂಥದ್ದೊಂದು ಚಕ್ರ ಸಿಕ್ಕಿದಾಗ ಅದನ್ನ ತಬ್ಬಿಕೊಳ್ಳೋದೊಂದು ಬಾಕಿ. "ಬಂದ್ಯಾ ಮಹಾರಾಯ್ತಿ?" ಅಂದೆ. ಅವತ್ತಿಂದ ದಿನಾ ಅವಳ ಚಕ್ರಗಳ ಜೊತೆಗೇ ನನ್ನ ಮಾತು, ಜಗಳ, ನಗು. ಮನೆಗೆ ಹೋದರೆ ಒಂದು ಕೋಣೆ, ಒಂದು ತಟ್ಟೆ, ಒಂದು ಲೋಟ. ಆಡೋ ಮಾತೆಲ್ಲ ಟೇಬಲ್ ಹತ್ತಿರವೇ ಆಡಿ ಮುಗಿಸಿ ಹೋಗ್ತಿದ್ದೆ.

ಬರಬರುತ್ತಾ ಚಕ್ರಗಳು ಕೆಟ್ಟವು. ಸ್ಪೋಕ್ ಬಿಗಿ ಮಾಡೋ ಕೀಯಿಂದ ತಟ್ಟಿದರೆ ಬಿಗಿಯಾದ ಸ್ಪೋಕ್ ಟಿಣ್ ಅನ್ನಬೇಕು. ಇವು ಡಬ್ ಅಂದವು. ತಿರುಗಿಸಿದರೆ ಕುಡುಕನ ಹಾಗೆ ವಾಲಾಟ. ನಮ್ಮಲ್ಲಿ ಕಟ್ಟಿದ ಚಕ್ರವನ್ನ ಒಂದು ರಾತ್ರಿ ಹಾಗೇ ಬಿಟ್ಟು, ಸ್ಪೋಕ್ ಕೂತ ಮೇಲೆ ಬೆಳಿಗ್ಗೆ ಮತ್ತೆ ಬಿಗಿ ಮಾಡ್ತಿದ್ವಿ. ಅಲ್ಲಿ ಅದಕ್ಕೆಲ್ಲ ಪುರುಸೊತ್ತೆಲ್ಲಿ? ಕಟ್ಟಿದ್ದೇ ತಡ, ಲಾರಿಗೆ. ನಾನು ಒಂದಕ್ಕೆ ಕೆಂಪು ಚೀಟಿ ಕಟ್ಟಿದರೂ ಇಡೀ ಲಾರಿ ವಾಪಸ್, ಅಕ್ಕನ ಕೆಲಸಕ್ಕೆ ಕುತ್ತು. ಹಾಗೇ ಬಿಟ್ಟರೆ ಯಾರೋ ಹೆತ್ತ ಮಗು ತಿರುವಿನಲ್ಲಿ ಬೀಳುತ್ತೆ. ಎರಡೂ ಬೇಡ ಅಂತ ಊಟದ ಹೊತ್ತಲ್ಲಿ ನಾನೇ ಕೂತು ಎಲ್ಲ ಸರಿ ಮಾಡಿ ಹಸಿರು ಚೀಟಿ ಕಟ್ಟಿದೆ.

ತಿಂಗಳುಗಳು ಕಳೆದಂತೆ ಎಡಗಡೆಯಿಂದ ಕಟ್ಟಿದ ಚಕ್ರಗಳೇ ಜಾಸ್ತಿಯಾದವು. ಅಯ್ಯೋ, ಈ ವಯಸ್ಸಲ್ಲಿ ಎತ್ತಿನ ಹಾಗೆ ದುಡೀತಿದ್ದಾಳಲ್ಲ ಅಂತ ಕರುಳು ಚುರುಕ್ ಅಂತು. ಊಟ ಬಿಟ್ಟೆ, ಟೀ ಬಿಟ್ಟೆ. ಬೆರಳಲ್ಲಿ ಬೊಬ್ಬೆ ಎದ್ದವು.

ಆಗ ಬಂದ ನಮ್ಮ ಸೂಪರ್‌ವೈಸರ್, ಹಲ್ಲು ಕಿರಿದುಕೊಂಡು. "ಒಳ್ಳೇ ಸುದ್ದಿ ಕಣಮ್ಮಾ. ಅವರ ಚಕ್ರ ಒಂದೂ ಫೇಲಾಗ್ತಿಲ್ಲ. ಮುಂದಿನ ವಾರ ಈ ಟೇಬಲ್ ತೆಗೀತೀವಿ. ಚಕ್ರ ಲಾರಿಯಿಂದ ಸೀದಾ ಬೈಕಿಗೆ. ನಿನಗೆ ಗೋಡೌನು."

ನಿಜ ಹೇಳದಿದ್ದರೆ ಆ ಚಕ್ರಗಳು ರಸ್ತೆಗೆ ಇಳೀತವೆ. ಹೇಳಿದರೆ ಅಕ್ಕನ ಅನ್ನಕ್ಕೆ ಕಲ್ಲು. ಮೊದಲು ಅವಳಿಗೇ ಹೇಳೋಣ ಅಂತ ಸಂಜೆ ಅವಳ ಮನೆಗೆ ಹೋದೆ.

ಬಾಗಿಲು ತೆಗೆದಳು. ಎಡಗೈ ಮಣಿಕಟ್ಟಿಗೆ ಪಟ್ಟಿ. ನಾನು ಒಂದೇ ಉಸಿರಿಗೆ ಎಲ್ಲ ಒದರಿದೆ.

"ಯಾವ ಚಕ್ರನೇ?" ಅಂದಳು ಅಕ್ಕ. "ನಾನು ಅಲ್ಲಿಗೆ ಹೋದ ಸ್ವಲ್ಪ ದಿನಕ್ಕೇ ಈ ಕೈ ಕೈಕೊಡ್ತು. ಬಿಟ್ಟು ವರ್ಷದ ಮೇಲಾಯ್ತು. ಅಲ್ಲಿದ್ದ ಹುಡುಗಿಯರಿಗೆ ಕೆಲಸ ಹೇಳಿಕೊಟ್ಟಿದ್ದೆ, ನಂಗೆ ಬರೋ ಥರ, ಎಡಗಡೆಯಿಂದ."

ಇಷ್ಟು ದಿನ ನಾನು ಬೈದಿದ್ದು, ನಕ್ಕಿದ್ದು, ಹಸಿದುಕೊಂಡು ಕಾಪಾಡಿದ್ದು ಯಾರನ್ನ?

"ನೀನು ಫೋನ್ ಎತ್ತಲಿಲ್ಲ ಅಕ್ಕಾ."

"ಸಿಟ್ಟಿತ್ತು, ಎತ್ತಲಿಲ್ಲ. ಮತ್ತೊಂದು ಸಲ ಮಾಡಿದ್ಯಾ?"

ಮಾಡಿರಲಿಲ್ಲ. ಒಳಗೆ ಬಾ ಅಂತ ಅವಳು ಕರೀಲಿಲ್ಲ. ಹೊಸಿಲಿನ ಈಚೆಯಿಂದಲೇ ವಾಪಸ್ ಬಂದೆ. ಕೋಣೆಗೆ ಬಂದು ಮನಸಾರೆ ಅತ್ತೆ.

ಮರುದಿನ ಲಾರಿ ಬಂದಾಗ ಒಂದು ಚಕ್ರವನ್ನೂ ಸರಿ ಮಾಡಲಿಲ್ಲ. ಸೂಪರ್‌ವೈಸರ್‌ನ ಕರೆದು ಅವನೆದುರಿಗೇ ತಿರುಗಿಸಿದೆ. ವಾಲಾಟ ನೋಡಿ ಅವನ ಮುಖ ಬಿಳುಚಿಕೊಂಡಿತು.

"ಇಷ್ಟು ದಿನ ಚೆನ್ನಾಗಿತ್ತಲ್ಲಮ್ಮಾ?"

"ಇಷ್ಟು ದಿನ ನಾನು ಸರಿ ಮಾಡ್ತಿದ್ದೆ ಸಾರ್."

"ಯಾರು ಮಾಡು ಅಂದಿದ್ದು ನಿನಗೆ?"

"ಯಾರೂ ಅಂದಿರಲಿಲ್ಲ."

ಕೆಂಪು ಚೀಟಿ ಕಟ್ಟಿದೆ. ಲಾರಿ ವಾಪಸ್ ಹೋಯ್ತು, ಟೇಬಲ್ ಉಳೀತು. ಆ ಹೊರಗಿನ ಶೆಡ್ಡಿನಲ್ಲಿ ಯಾರೋ ಒಂದು ಹುಡುಗಿ ನನ್ನ ಚೀಟಿಯಿಂದಾಗಿ ಬೈಸಿಕೊಂಡಿರ್ತಾಳೆ, ಅವಳ ಮುಖವೂ ನನಗೆ ಗೊತ್ತಿಲ್ಲ.

ಊಟದ ಹೊತ್ತಿಗೆ ಮಾಡೋಕೆ ಕೆಲಸ ಇರಲಿಲ್ಲ. ಡಬ್ಬಿ ಬಿಚ್ಚಿ ಪಕ್ಕಕ್ಕಿಟ್ಟು ಅಕ್ಕನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೊಂದು ಸಲ ಮಾಡಿದೆ.